ಗಿಣಿಗಳ ಸುತ್ತು

ಅಂಗಡಿಯ ಮಾಲೀಕ ಮಾಲತೇಶಪ್ಪ ಅವಳಿಗೆ ತೊಟ್ಟಿಲ ಬ್ಯಾನರಿನ ಕೆಲಸ ಕೊಡುತ್ತಿರಲಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಕೆಲಸಕ್ಕೆ ಮರಳಿದ ಮೊದಲ ದಿನವೇ ಸಿಮ್ರಾನಳಿಗೆ ಗೊತ್ತಾಗಿಹೋಗಿತ್ತು. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಫ್ಲೆಕ್ಸ್ ಅಂಗಡಿಗೆ ಯಾರಾದರೂ ಕೂಸಿನ ಫೋಟೊ ಹಿಡಿದು ಬಂದರೆ ಸಾಕು, ಮಾಲತೇಶಪ್ಪ ಕುರ್ಚಿಯಿಂದ ಅರ್ಧ ಎದ್ದು, "ಇತ್ಲಾಗ ಬರ್ರಿ, ಇತ್ಲಾಗ" ಎಂದು ಅವರನ್ನು ಸಮೀವುಲ್ಲಾನ ಕಂಪ್ಯೂಟರಿನ ಕಡೆ ತಿರುಗಿಸಿಬಿಡುತ್ತಿದ್ದ. ಮದುವೆಯ ಬ್ಯಾನರು ಕೊಡುವಾಗಲೂ ಒಂದು ಕ್ಷಣ ಅವಳ ಮುಖ ನೋಡುತ್ತಿದ್ದ. ಶ್ರದ್ಧಾಂಜಲಿಗಳನ್ನು ಮಾತ್ರ ಏನೂ ಅನುಮಾನಿಸದೆ ಅವಳ ಮೇಜಿಗೆ ತಳ್ಳುತ್ತಿದ್ದ. ಸತ್ತವರ ಫೋಟೊಗಳನ್ನು ಕತ್ತರಿಸಿ, ಹಿಂದೆ ಮೋಡ ಹಾಕಿ, ಕೆಳಗೆ ದೀಪ ಇಟ್ಟು, ದುಃಖತಪ್ತರ ಹೆಸರುಗಳನ್ನು ಸಾಲಾಗಿ ಕೂರಿಸುತ್ತಾ ಅವಳು ಎರಡು ವಾರ ಕಳೆದಿದ್ದಳು. ಇದು ದಯೆಯೋ ಅವಮಾನವೋ ಎಂದು ಯೋಚಿಸಲು ಕುಳಿತರೆ ಯೋಚನೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಜೋಮು ಹಿಡಿದ ಕಾಲನ್ನು ಕೈಯಿಂದ ಮುಟ್ಟಿದರೆ ಬೇರೆ ಯಾರದೋ ಕಾಲು ಮುಟ್ಟಿದಂತಾಗುತ್ತದಲ್ಲ, ಹಾಗೆ ಅವಳು ತನ್ನ ದಿನಗಳನ್ನು ಮುಟ್ಟಿ ನೋಡುತ್ತಿದ್ದಳು.

ಆ ಬೆಳಿಗ್ಗೆ ಬ್ಯಾಡಗಿಯಿಂದ ಬರುವ ರೈಲಿನಲ್ಲಿ ಎದುರಿಗೆ ಕುಳಿತ ಹೆಂಗಸೊಬ್ಬಳು ಅವಳನ್ನು ಗುರುತು ಹಿಡಿದಿದ್ದಳು. ಹಿಂದೆ ದಿನಾ ಅದೇ ಡಬ್ಬಿಯಲ್ಲಿ ಹೋಗಿಬರುತ್ತಿದ್ದವಳು. ಸಿಮ್ರಾನಳ ಹೊಟ್ಟೆ ದೊಡ್ಡದಾದಂತೆಲ್ಲ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟವಳು. "ಹಡದಿ ಏನವಾ? ಏನಾತು?" ಎಂದು ಕೇಳಿದಳು. "ಗಂಡು" ಎಂದಳು ಸಿಮ್ರಾನ. ಹೆಂಗಸು ಕೈ ಚಾಚಿ ಅವಳ ಗಲ್ಲ ಮುಟ್ಟಿ ಲಟಿಕೆ ಮುರಿದಳು, "ಮತ್ತ ಪೇಡೆ?" ಎಂದು ನಕ್ಕಳು. ಸಿಮ್ರಾನಳೂ ನಕ್ಕಳು. ಅವಳು ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದಳು. ಗಂಡು ಎಂಬ ಆ ಒಂದು ಶಬ್ದವನ್ನು ಬಿಟ್ಟರೆ ಅವಳ ಹತ್ತಿರವೂ ಬೇರೆ ಏನೂ ಇರಲಿಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ಅವಳು ಹೆತ್ತಾಗ ಕೂಸು ಅಳಲಿಲ್ಲ. ಒಳಗೇ ಮುಗಿದುಹೋಗಿತ್ತು, ಯಾಕೆಂದು ಹೇಳಲು ಬರುವುದಿಲ್ಲ, ಕೆಲವೊಮ್ಮೆ ಹೀಗಾಗುತ್ತದೆ ಎಂದು ಡಾಕ್ಟರು ನಿಧಾನವಾಗಿ ಹೇಳಿದರು. ಅತ್ತೆ ಅಕ್ಬರಬಿ ಅವಳ ಕಣ್ಣ ಮೇಲೆ ತನ್ನ ಸೆರಗು ಹಿಡಿದು, "ನೋಡಬ್ಯಾಡ ಬೇಟಿ, ನೋಡಿದ್ರ ಮರಿಯಾಕ ಆಗೂದಿಲ್ಲ" ಎಂದಿದ್ದಳು. ಅವಳು ನೋಡಲಿಲ್ಲ. ಆ ಸೆರಗನ್ನು ಒಂದು ಬೆರಳಿನಿಂದ ಸರಿಸಬಹುದಾಗಿತ್ತು. ಸರಿಸಲಿಲ್ಲ.

ಮಾಲತೇಶಪ್ಪ ಅಂದು ಪ್ರಿಂಟಿಂಗ್ ಮಷೀನಿನ ಯಾವುದೋ ಭಾಗ ರಿಪೇರಿಗೆಂದು ಹಾವೇರಿಗೆ ಹೋಗಿದ್ದ. ಸಮೀವುಲ್ಲಾ ಒಳಗಿನ ಕೋಣೆಯಲ್ಲಿ, ಇದ್ದ ಇನ್ನೊಂದು ಹಳೇ ಮಷೀನಿನ ಜೊತೆ ಹೆಣಗುತ್ತಿದ್ದ. ಸಿಮ್ರಾನ ಒಂದು ಖಾರದಪುಡಿ ಪೊಟ್ಟಣದ ಮೇಲೆ ಹಾಕುವ ಗುಂಡನೆಯ ಗುರುತು ಮಾಡುತ್ತಿದ್ದಳು. ಒಂದು ಮೆಣಸಿನಕಾಯಿ ಬರೆದು, ಅದರ ತಿರುಗುವ ಬಿಂದುವನ್ನು ಹಿಡಿದೆಳೆದು ವೃತ್ತದ ನಟ್ಟನಡುವೆ ಇಟ್ಟು, ಮುನ್ನೂರರವತ್ತನ್ನು ಬೇಕಾದ ಸಂಖ್ಯೆಯಿಂದ ಭಾಗಿಸಿ ಕೋನ ತುಂಬಿ ಒತ್ತಿದರೆ ಮೆಣಸಿನಕಾಯಿಗಳು ತಾವೇ ಸುತ್ತ ಬಂದು ಕೂರುತ್ತವೆ. ಬಿಂದು ಒಂದು ಎಳೆಯಷ್ಟು ಸರಿದರೂ ಸುತ್ತು ಸೊಟ್ಟಗಾಗುತ್ತದೆ; ಬಿಂದುವನ್ನು ಎಳೆಯಲು ಮರೆತರೆ ಎಲ್ಲವೂ ಇದ್ದಲ್ಲೇ ಗಿರಗಿರ ತಿರುಗಿ ಒಂದರ ಮೇಲೊಂದು ಬಿದ್ದು ಕೆಂಪು ಮುದ್ದೆಯಾಗುತ್ತವೆ. ಈ ಕೆಲಸ ಅವಳಿಗೆ ಹಿತವಾಗಿತ್ತು. ಇದಕ್ಕೆ ಯಾರ ಮುಖವೂ ಇರಲಿಲ್ಲ.

ಹೊರಗೆ ಬೈಕು ನಿಂತ ಸದ್ದಾಯಿತು. ಇಸ್ತ್ರಿ ಅಂಗಿಯ ತರುಣನೊಬ್ಬ ಒಳಗೆ ಬಂದ; ಅವನ ಹಿಂದೆ, ಬಟ್ಟೆ ಅಂಗಡಿಯ ಚೀಲಗಳನ್ನು ಎದೆಗವುಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬಳು ಬಂದು ಗೋಡೆಗೆ ಹಾಕಿದ ಬೆಂಚಿನ ಮೇಲೆ ಕುಳಿತಳು. ತರುಣ ತನ್ನ ಹೆಸರು ಸುಭಾಷ ಎಂದೂ, ಇಲ್ಲೇ ಬೀಜದ ಕಂಪನಿಯಲ್ಲಿ ಕೆಲಸವೆಂದೂ, ಮಗಳಿಗೆ ಹೆಂಡತಿಯ ತವರು ಕರ್ಜಗಿಯಲ್ಲಿ ಹೆಸರಿಡುವುದಿದೆಯೆಂದೂ ಒಂದೇ ಉಸಿರಿನಲ್ಲಿ ಹೇಳಿದ. "ನಮ್ಮ ಅತ್ತೀನ ಸಂತಿ ಮಾಡಾಕ ಕರಕೊಂಡ ಬಂದೇನ್ರಿ. ಹಂಗ ಬ್ಯಾನರೂ ಮುಗಿಸಿಬಿಡೂಣು ಅಂತ. ನಡುವ ಕೂಸಿನ ಫೋಟೊ, ಸುತ್ತಲೂ ಗಿಣಿ ಬರಬೇಕ ನೋಡ್ರಿ. ತೊಟ್ಟಿಲಕ್ಕ ಕಟ್ಟತಾರಲ್ರಿ, ಅಂಥಾ ಗಿಣಿ." ಇತ್ಲಾಗ ಬರ್ರಿ ಎನ್ನುವವರು ಯಾರೂ ಇರಲಿಲ್ಲ. ಸಿಮ್ರಾನ, "ಕುಂದ್ರಿ" ಎಂದಳು. ಅವನು ತನ್ನ ಫೋನಿನಿಂದ ಫೋಟೊ ಕಳಿಸಿದ. ಅವಳು ಅದನ್ನು ತೆರೆದಳು. ಪರದೆಯ ತುಂಬ ಕೂಸಿನ ಮುಖ ಬಂತು, ಅದರ ಎಡಗಣ್ಣಿನ ರೆಪ್ಪೆಯ ಮೇಲೆ ಹುಣಿಸೆ ಬೀಜದಷ್ಟು ಕೆಂಪು ಮಚ್ಚೆಯಿತ್ತು.

ಅವಳು ಹಿಂತಿರುಗಿ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಬೆಂಚಿನ ಮೇಲೆ ಪ್ಲಾಸ್ಟಿಕ್ ಚೀಲಗಳ ಸದ್ದು ಒಮ್ಮೆಲೇ ನಿಂತದ್ದು ಕೇಳಿಸಿತು. ಆ ಮುದುಕಿಯ ಹೆಸರು ಭರಮವ್ವ. ಹಾವೇರಿಯ ವಾರ್ಡಿನಲ್ಲಿ ಪಕ್ಕದ ಮಂಚದ ಬಾಣಂತಿಯ ತಾಯಿ. ಮಗಳಿಗೆ ಹೊಟ್ಟೆ ಕೊಯ್ದು ತೆಗೆದಿದ್ದರು, ಜ್ವರ ಬಂದಿತ್ತು, ಹಾಲು ಇಳಿದಿರಲಿಲ್ಲ. ಕೂಸು ಬೆಳಗಿನಿಂದ ಅತ್ತೂ ಅತ್ತೂ ದನಿ ಒಡೆದು ಬೆಕ್ಕಿನಂತೆ ಕೂಗುತ್ತಿತ್ತು. ಸಿಮ್ರಾನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಿಂದಿನ ದಿನವಷ್ಟೇ ಬ್ಯಾಡಗಿಯ ಕಬರಸ್ತಾನದಲ್ಲಿ ಮಣ್ಣು ಕೊಟ್ಟು ಬಂದಿದ್ದರು. ಎದೆ ಬಿಗಿದು ಕಲ್ಲಾಗಿತ್ತು, ಪಕ್ಕದ ಕೂಸು ಕೂಗಿದಾಗಲೆಲ್ಲ ರವಿಕೆ ಒದ್ದೆಯಾಗುತ್ತಿತ್ತು. ಯಾರ ಕೂಗೆಂದು ಮೈಗೆ ಗೊತ್ತಿರಲಿಲ್ಲ. ಅಕ್ಬರಬಿ ಗುಳಿಗೆ ತರಲು ಕೆಳಗೆ ಹೋದಾಗ ಮುದುಕಿ ಮೆಲ್ಲಗೆ ಬಂದು ಮಂಚದ ಅಂಚಿಗೆ ಕುಳಿತು, "ತಾಯೀ, ಬಾಯಿ ಬರವಲ್ದು ನನಗ. ಹೆಂಗ ಕೇಳಲಿ?" ಎಂದಿದ್ದಳು. ಕೇಳಲೂ ಇಲ್ಲ. ಸಿಮ್ರಾನ ತಾನೇ ಎದ್ದು ಕುಳಿತು ಕೈ ಚಾಚಿದ್ದಳು. ಮುದುಕಿ ಎರಡು ಮಂಚಗಳ ನಡುವೆ ಸೀರೆ ಅಡ್ಡ ಹಿಡಿದು ನಿಂತಳು. ಕೂಸು ಹಿಡಿದುಕೊಂಡ ಬಿರುಸಿಗೆ ಸಿಮ್ರಾನಳ ಬೆನ್ನುಹುರಿ ಜುಮ್ಮೆಂದಿತ್ತು, ಆಮೇಲೆ ನೋವು ಇಳಿಯಿತು, ಇಳಿದು ಇಳಿದು, ಒಂದು ಹಂತದಲ್ಲಿ ಅವಳಿಗೆ ಸುಖವೆನಿಸಿತು. ಹೌದು, ಸುಖವೇ. ಬ್ಯಾಡಗಿಯಲ್ಲಿ ಮಣ್ಣು ಇನ್ನೂ ಹಸಿಯಾಗಿರುವಾಗ ಅವಳು ಇಲ್ಲಿ ಕಣ್ಣು ಮುಚ್ಚಿ ಹಗುರಾಗಿದ್ದಳು. ಕಣ್ಣು ತೆರೆದಾಗ ಕಂಡದ್ದು ಆ ರೆಪ್ಪೆಯ ಮೇಲಿನ ಕೆಂಪು ಮಚ್ಚೆ. ಮುದುಕಿ ಕೂಸನ್ನು ತೆಗೆದುಕೊಳ್ಳುತ್ತಾ ಅವಳ ಪಾದ ಮುಟ್ಟಿ, "ಯಾರ ಮುಂದೂ ಅನಬ್ಯಾಡವಾ. ನಮ್ಮ ಬೀಗರು ಒಂಥರಾ ಮಂದಿ" ಎಂದಿದ್ದಳು. ಸಂಜೆ ಆ ಬೀಗರು ಬಂದಾಗ ಎರಡು ಮಂಚಗಳ ನಡುವೆ ಹಸಿರು ಪರದೆ ಎಳೆದುಬಿಟ್ಟಳು. ಆಮೇಲೆ ಮುದುಕಿ ಈ ಕಡೆ ನೋಡಲೇ ಇಲ್ಲ.

"ಭಾಳ ಶಾಣ್ಯಾ ಕೂಸರಿ" ಎನ್ನುತ್ತಿದ್ದ ಸುಭಾಷ, ಪರದೆಯನ್ನೇ ನೋಡುತ್ತಾ. "ಹುಟ್ಟಿದ ಮರುದಿನ ಚೀರಿ ಚೀರಿ ಇಟ್ಟಿತ್ತು. ನಾ ಹಾಲಿನ ಪುಡಿ ಡಬ್ಬಿ ತರಾಕ ಹ್ವಾದೆ. ಬರೂದ್ರಾಗ ಗಪ್ಪಗಾರ ಮಲಗಿಬಿಟ್ಟೈತಿ! ಡಬ್ಬಿ ಒಡೀಲೂ ಇಲ್ಲ. ಅಪ್ಪನ ರೊಕ್ಕ ಉಳಿಸಾಕಿ ಆಕಿ ಅಂತ ಎಲ್ಲಾರೂ ನಕ್ಕರು." ಸಿಮ್ರಾನ, "ಹೂಂ" ಎಂದಳು. ಗಿಣಿಯ ಚಿತ್ರ ಹುಡುಕಿ ತಂದು, ಬಿಂದುವನ್ನು ನಡುವಿಗೆ ಎಳೆದು, ಕೋನ ತುಂಬಿ ಒತ್ತಿದಳು. ಹಸಿರು ಗಿಣಿಗಳು ಕೂಸಿನ ಮುಖದ ಸುತ್ತ ಒಂದೊಂದಾಗಿ ಬಂದು ಕುಳಿತವು. ಸುಭಾಷ ಮುಂದಕ್ಕೆ ಬಾಗಿದ. "ಅಕ್ಕಾರ, ಕೆಳಗಿನ ಗಿಣಿ ತಲಿಕೆಳಗಾಗ್ಯಾವಲ್ರಿ?" ಹೌದು, ಮೇಲಿನವು ನೆಟ್ಟಗಿದ್ದವು, ಬದಿಯವು ಅಡ್ಡಡ್ಡ ಮಲಗಿದ್ದವು, ಕೆಳಗಿನವು ಕಾಲು ಮೇಲೆ ಮಾಡಿ ನೇತಾಡುತ್ತಿದ್ದವು. ಮೆಣಸಿನಕಾಯಿಗೆ ಮೇಲೆ ಕೆಳಗೆ ಎಂಬುದಿರಲಿಲ್ಲ; ಗಿಣಿಗೆ ಇತ್ತು. ಕೂಸಿನ ತಲೆ ಕೆಳಗಾಗಿದೆ, ಎಲ್ಲ ಸರಿಯಾಗಿದೆ ಎಂದು ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಹೇಳಿದ ದಿನ ಗಂಡ ಫಿರೋಜ್ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡಾಡಿದ್ದ. ಮೆಣಸಿನಕಾಯಿ ಪೇಟೆಯ ಅಡತಿ ದಲ್ಲಾಳಿಯ ಅಂಗಡಿಯಲ್ಲಿ ತೂಕ ಬರೆಯುವವನು ಅವನು. ಅವನ ಮೈಯ ಘಾಟು ಒಳಗಿನ ಕೂಸಿಗೆ ತಾಗೀತೆಂದು ಆ ತಿಂಗಳುಗಳಲ್ಲಿ ಹಿತ್ತಲಲ್ಲೇ ಮಿಂದು, ಅಲ್ಲೇ ಅರಿವೆ ಬದಲಿಸಿ ಒಳಗೆ ಬರುತ್ತಿದ್ದ. ಈಗಲೂ ಹಾಗೇ ಮೀಯುತ್ತಿದ್ದ. ಇನ್ನು ಮೇಲೆ ಬೇಡವೆಂದು ಅವನಿಗೆ ಹೇಳುವುದು ಹೇಗೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

"ಸರಿ ಮಾಡ್ತೇನ್ರಿ" ಎಂದು ಅವಳು ಎಲ್ಲವನ್ನೂ ಅಳಿಸಿದಳು. ಬೇರೆ ದಾರಿಯಿತ್ತು: ಎರಡು ಗಿಣಿ ಇಟ್ಟು, ಅವುಗಳ ನಡುವೆ ಉಳಿದವನ್ನು ಹುಟ್ಟಿಸಿ, ಇಡೀ ಸಾಲನ್ನು ವೃತ್ತದ ಗೆರೆಗೆ ಪೋಣಿಸುವುದು, ಆಗ ಗಿಣಿಗಳು ತಿರುಗುವುದಿಲ್ಲ, ಗೆರೆಯ ಮೇಲೆ ಎಲ್ಲಿದ್ದರೂ ನೆಟ್ಟಗೇ ಇರುತ್ತವೆ. ಅವಳು ಅದಕ್ಕೆ ಕೈಹಚ್ಚುವಷ್ಟರಲ್ಲಿ ಸುಭಾಷ, "ಇನ್ನೊಂದರಿ. ಆ ಕಣ್ಣ ಮ್ಯಾಲಿನ ಕೆಂಪು ಮಚ್ಚಿ ತಗೀಬೇಕ ನೋಡ್ರಿ" ಎಂದ. ಬೆಂಚಿನಿಂದ ಮೊದಲ ಸಲ ಭರಮವ್ವನ ದನಿ ಬಂತು: "ಇರಲಿ ಬಿಡಪಾ. ಕೂಸಿಂದ ಐತಿ ಅದು." ಸುಭಾಷ ನಕ್ಕ. "ಅತ್ತೀ, ಬ್ಯಾನರಿನ್ಯಾಗ ಅಟ ದೊಡ್ಡದಾಗಿ ಕಾಣತೈತಿ. ಮಂದಿ ಏನಾಗೇತಿ ಅಂತ ಕೇಳ್ತಾರ." ಸಿಮ್ರಾನ ಫೋಟೊವನ್ನು ದೊಡ್ಡದು ಮಾಡಿ, ಪಕ್ಕದ ಚರ್ಮದ ಬಣ್ಣ ಎತ್ತಿ ಮಚ್ಚೆಯ ಮೇಲೆ ಸವರಿದಳು. ನಾಲ್ಕಾರು ಸಲ ಒತ್ತುವಷ್ಟರಲ್ಲಿ ಮಚ್ಚೆ ಹೋಯಿತು. ಮಚ್ಚೆ ಹೋದೊಡನೆ ಅದು ಅವಳು ಎಂದೂ ನೋಡದ ಒಂದು ಕೂಸಾಯಿತು. ಆಗ ಅವಳಿಗೆ ಒಂದು ಸಂಗತಿ ಹೊಳೆಯಿತು, ಹೊಳೆಯಿತು ಎನ್ನುವುದಕ್ಕಿಂತ, ಇಷ್ಟು ದಿನ ಗೊತ್ತಿದ್ದೂ ಅತ್ತ ನೋಡದೆ ಬಿಟ್ಟದ್ದು ಕಣ್ಣೆದುರಿಗೆ ಬಂತು. ತನ್ನ ಮಗನನ್ನು ನೆನೆಯಲು ಹೋದಾಗಲೆಲ್ಲ, ಅಡಿಗೆಮನೆಯಲ್ಲಿ, ರೈಲಿನಲ್ಲಿ, ನಿದ್ದೆ ಹತ್ತುವ ಮುಂಚೆ, ಬರುತ್ತಿದ್ದ ಮುಖದ ಎಡಗಣ್ಣಿನ ಮೇಲೆ ಕೆಂಪು ಮಚ್ಚೆ ಇರುತ್ತಿತ್ತು. ಅವಳ ಮಗನ ಜಾಗದಲ್ಲಿ ಅವಳು ಕರ್ಜಗಿಯ ಈ ಕೂಸನ್ನು ಮಲಗಿಸಿಟ್ಟಿದ್ದಳು. ಅವನಿಗೆ ಅವಳು ಮುಖವನ್ನೂ ಕೊಟ್ಟಿರಲಿಲ್ಲ.

ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ ಸಮೀವುಲ್ಲಾ ಪರದೆ ನೋಡಿ ನಿಂತುಬಿಟ್ಟ. "ಅಕ್ಕಾ, ನಾ ಮಾಡ್ತೇನಿ ಏಳ್ರಿ." "ಇರ್ಲಿ, ಮುಗೀತ ಬಂತು" ಎಂದಳು ಅವಳು. ಅವನು ಒಪ್ಪಲಿಲ್ಲ, ಒಳ್ಳೆಯವನು. ಸುಭಾಷನ ತೋಳು ಹಿಡಿದು ಬಾಗಿಲ ಬಳಿ ಕರೆದೊಯ್ದು ದನಿ ತಗ್ಗಿಸಿ ಅವಳ ಕೂಸಿನ ಸಂಗತಿ ಹೇಳಿದ. ತಗ್ಗಿದ ದನಿ ಅಂಗಡಿಯಲ್ಲೆಲ್ಲ ಕೇಳಿಸಿತು. ಸುಭಾಷ ಮರಳಿ ಬಂದಾಗ ಅವನ ಮುಖ ಬೇರೆಯಾಗಿತ್ತು. ಮೊದಲು ಪರದೆ ನೋಡಿದ, ಆಮೇಲೆ ಮೌಸಿನ ಮೇಲಿದ್ದ ಅವಳ ಕೈ ನೋಡಿದ. "ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ನಾ ಅಂಥಾದ್ದೇನೂ ನಂಬಂಗಿಲ್ಲ. ಆದ್ರ ಶುಭಕಾರ್ಯದ್ದು, ಮನ್ಯಾಗ ಹಿರೇರು..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟು, ಅದನ್ನು ಮುಗಿಸುವ ಹೊಣೆ ಹೊರಿಸುವಂತೆ ಬೆಂಚಿನ ಕಡೆ ತಿರುಗಿದ. "ಏನಂತೀರಿ ಅತ್ತೀ? ಈ ಹುಡುಗನ ಕಡೆ ಮಾಡಿಸೂಣಲ್ಲ?" ಸಿಮ್ರಾನ ಮೌಸ್ ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳಿಗೆ ಸಿಟ್ಟು ಬರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ನಿಮ್ಮ ಕೂಸು ಅಂದು ಯಾಕೆ ಮಲಗಿತು ಗೊತ್ತೇ ಎಂದು. ಆ ಮಾತು ಬಾಯಲ್ಲಿ ಸಪ್ಪಗೆ, ಯಾರೋ ಇಟ್ಟುಹೋದ ವಸ್ತುವಿನಂತೆ ಇತ್ತು. ಅವಳು ಕುರ್ಚಿ ಹಿಂದೆ ಸರಿಸಿದಳು. 

"ಆಕೀನ ಮಾಡ್ಲಿ" ಎಂದಳು ಭರಮವ್ವ.

ಸುಭಾಷನಿಗೆ ಕೇಳಿಸಲಿಲ್ಲವೋ ಏನೋ. "ಆಂ?" ಎಂದ. ಮುದುಕಿ ಚೀಲಗಳನ್ನು ಬೆಂಚಿನ ಮೇಲಿಟ್ಟು ಎದ್ದು ಬಂದಳು. ಸೆರಗು ತಲೆಯಿಂದ ಜಾರಿದ್ದನ್ನು ಸರಿಮಾಡಿಕೊಳ್ಳಲಿಲ್ಲ. "ಆಕಿ ಕೈಲೇನ ಆಗ್ಲಿ ಅಂದೆ. ಹಿರೇರು ಅಂದ್ರ ಯಾರು? ನಾ ಅಲ್ಲೇನು? ನಾ ಹೇಳಾಕತ್ತೇನಿ." ಅವಳ ದನಿ ಗಟ್ಟಿಯಾಗಿತ್ತು, ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅಳಿಯನೆದುರು ಅವಳು ಹಾಗೆ ಮಾತಾಡಿದ್ದು ಅದೇ ಮೊದಲಿರಬೇಕು. ಸುಭಾಷ ಒಮ್ಮೆ ಅವಳನ್ನೂ ಒಮ್ಮೆ ಸಿಮ್ರಾನಳನ್ನೂ ನೋಡಿದ, ಆಮೇಲೆ ಕುಳಿತುಕೊಂಡ. ಸಮೀವುಲ್ಲಾ ಒಳಗೆ ಹೋದ.

ಸಿಮ್ರಾನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಗಿಣಿಗಳನ್ನು ವೃತ್ತಕ್ಕೆ ಪೋಣಿಸಿದಳು. ಈ ರೀತಿ ಮಾಡಿದಾಗ ಒಂದು ತೊಡಕಿದೆ: ವೃತ್ತಕ್ಕೆ ಮೊದಲೂ ಇಲ್ಲ ಕೊನೆಯೂ ಇಲ್ಲವಾದ್ದರಿಂದ, ಸಾಲಿನ ಮೊದಲ ಗಿಣಿ ಮತ್ತು ಕೊನೆಯ ಗಿಣಿ ಒಂದೇ ಜಾಗಕ್ಕೆ ಬಂದು ಒಂದರ ಮೇಲೊಂದು ಕೂರುತ್ತವೆ. ನೋಡುವವರಿಗೆ ಒಂದೇ ಗಿಣಿ. ನೆರಳು ಮಾತ್ರ ಎರಡು ಪಟ್ಟು ಕಪ್ಪಾಗಿರುತ್ತದೆ. ಅವಳು ಸಾಲನ್ನು ಬಿಡಿಸಿ, ಮೇಲಿನದನ್ನು ಆರಿಸಿ, ಅಳಿಸಿದಳು. ಕೆಳಗೆ ಕೂಸಿನ ಹೆಸರು ಕೇಳಿ ಬರೆದಳು: ಇಂಚರಾ. ಸುಭಾಷ ಮತ್ತು ಸುನಿತಾರ ಮಗಳು. ಸುಭಾಷ ಅಕ್ಷರ ಸರಿ ನೋಡಿದ, ಗಿಣಿಗಳೆಲ್ಲ ನೆಟ್ಟಗಿರುವುದನ್ನು ನೋಡಿದ, "ಚಂದ ಆಗೇತ್ರಿ" ಎಂದ. ಅವನ ಕಣ್ಣು ಅವಳ ಮುಖದ ಮೇಲೆ ನಿಲ್ಲಲಿಲ್ಲ. ಅವನು ಬೈಕು ತಿರುಗಿಸಲು ಹೊರಗೆ ಹೋದಾಗ ಭರಮವ್ವ ಚೀಲಗಳನ್ನು ಎತ್ತಿಕೊಳ್ಳುತ್ತಾ ನಿಧಾನ ಮಾಡಿದಳು. "ಕೂಸು ಗಟ್ಟಿ ಐತವಾ" ಎಂದಳು, ಚೀಲದ ಹಿಡಿಕೆಗಳನ್ನು ನೋಡುತ್ತಾ. "ಮೊದಲಿಂದನೂ ಗಟ್ಟಿ." ಇನ್ನೇನೋ ಹೇಳಲಿಕ್ಕಿತ್ತು ಅವಳಿಗೆ. ಸಿಮ್ರಾನ ಕಾದಳು. ಹೊರಗೆ ಹಾರನ್ ಆಯಿತು. "ನಾಳೆ ಬರ್ರಿ, ತಯಾರ ಇರ್ತೈತಿ" ಎಂದಳು ಸಿಮ್ರಾನ.

ಸಂಜೆಯ ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಬಾಗಿಲ ಬಳಿ ಯಾರದೋ ಬೆನ್ನಿಗೆ ಹಣೆ ತಾಗಿಸಿ ನಿಂತು ಅವಳು ಕಣ್ಣು ಮುಚ್ಚಿದಳು. ಮಚ್ಚೆಯ ಮುಖ ಬರಲಿಲ್ಲ. ಬೇರೆ ಯಾವ ಮುಖವೂ ಬರಲಿಲ್ಲ. ಅದು ಖಾಲಿ ಎಂದರೆ ಖಾಲಿ, ಪರದೆಯಲ್ಲಿ ಹೊಸ ಪುಟ ತೆರೆದಂತೆ ಬಿಳುಪು. ಬ್ಯಾಡಗಿ ಸ್ಟೇಶನ್ನಿನಲ್ಲಿ ಇಳಿದೊಡನೆ ಗಾಳಿಯ ಘಾಟಿಗೆ ಎಲ್ಲರೂ ಸೀನಿದರು, ಅವಳೂ ಸೀನಿದಳು. ಮನೆ ಮುಟ್ಟಿದಾಗ ಅಕ್ಬರಬಿ ಹಿಟ್ಟು ನಾದುತ್ತಿದ್ದಳು, ಹಿತ್ತಲಲ್ಲಿ ಫಿರೋಜ್ ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು. ಮುಂದಿನ ಕಟ್ಟೆಯ ಮೇಲೆ ಮಾವ ಯೂಸುಫಸಾಬ ಚಾಪೆ ಹಾಸಿ ಕುಳಿತು ಮಗ್ರಿಬ್‌ನ ಸಂಜೆ ನಮಾಜು ಮುಗಿಸಿ ಇನ್ನೂ ಎದ್ದಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಮಾವನೊಡನೆ ಊಟಕ್ಕೆ ಏಳ್ರಿ, ಚಾ ತಗೋರಿ ಎಂಬುದರಾಚೆ ಮಾತಾಡಿದವಳಲ್ಲ. ಅವಳು ಚಪ್ಪಲಿ ಬಿಡದೆ, ಚೀಲ ಇಳಿಸದೆ, ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು.

"ಅಬ್ಬಾ, ಕೂಸನ್ನ ನೀವ ಎತ್ತಿಕೊಂಡ ಹೋಗಿದ್ದಿರೇನ್ರಿ?"

ಯೂಸುಫಸಾಬ ಅವಳನ್ನು ನೋಡಿದ. ಈಗ ಯಾಕೆ ಎಂದು ಕೇಳಲಿಲ್ಲ. "ಹೌದು ಬೇಟಿ. ಫಿರೋಜನ ಕೈ ನಿಲ್ಲವಲ್ದಾಗಿತ್ತು. ನಾನ ಮೈ ತೊಳದೆ, ನಾನ ಅರಿವಿ ಸುತ್ತಿದೆ."

"ಮುಖ ನೋಡೀರೇನು?"

"ನೋಡಲಾರದ ಹೆಂಗ ಮೈ ತೊಳೀಲಿ?"

"ಹೆಂಗಿತ್ತು?"

ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.  ಹೇಳಲು ಶುರುಮಾಡಿದಾಗ ಅವನ ದನಿ, ಪೇಟೆಯಿಂದ ಬಂದು ದರ ಹೇಳುವಾಗ ಇರುತ್ತಿದ್ದಷ್ಟೇ ಸಾದಾ ಇತ್ತು. "ಮಲಗಿದಂಗ ಇರಲಿಲ್ಲ. ಮಂದಿ ಹಂಗಂತಾರ, ಸುಳ್ಳು. ಹುಬ್ಬು ಗಂಟು ಹಾಕಿದ್ದ. ಯಾರರೆ ಸುಮ್ಮ ಸುಮ್ಮನ ಎಬ್ಬಿಸಿದ್ರ ಸಿಟ್ಟಾಗತಾರಲ್ಲ, ಹಂಗ. ಹಣಿ ಸಣ್ಣದು, ನಿನ್ನಂಗ. ಕೂದಲ ಭಾಳ, ಹಿಂದ ಕುತ್ತಿಗೀತನಾ ಇದ್ದುವು, ಮೈ ತೊಳದ ಮ್ಯಾಲ ನಾನ ಕೈಲೆ ತಿದ್ದಿದೆ. ಮೂಗು ನಮ್ಮ ಕಡೆದಲ್ಲ. ಮೂಗು ನಿಮ್ಮ ಅಪ್ಪಂದು ಅನಸ್ತು." ಅವಳು ಒಂದೊಂದನ್ನೇ ಕೇಳಿಸಿಕೊಂಡಳು. ಅಳು ಬರಲಿಲ್ಲ. ಸಣ್ಣ ಹಣೆ, ಗಂಟು ಹಾಕಿದ ಹುಬ್ಬು, ಕೂದಲು, ತನ್ನ ಅಪ್ಪನ ಮೂಗು: ಅವು ಇನ್ನೂ ಬಿಡಿಬಿಡಿಯಾಗಿದ್ದವು, ಒಂದಕ್ಕೊಂದು ಹತ್ತಿರವಾದುವಾದರೂ ಕೂಡಿಕೊಳ್ಳಲಿಲ್ಲ. ಒಳಗೆ ಹಿಟ್ಟು ನಾದುವ ಸದ್ದು ನಿಂತಿತ್ತು. "ತುಟಿ?" ಎಂದಳು. "ತುಟಿ ತೆಳ್ಳಗ" ಎಂದ ಮುದುಕ. "ಕೆಳಗಿನದು ಸ್ವಲ್ಪ ಮುಂದ."

ಬಾಗಿಲಲ್ಲಿ ಫಿರೋಜ್ ನಿಂತಿದ್ದ. ಯಾವಾಗ ಬಂದನೋ, ಹೆಗಲ ಮೇಲೆ ಟಾವೆಲ್, ಕೂದಲಿನಿಂದ ಇಳಿದ ನೀರು ಹೊಸ್ತಿಲ ಮೇಲೆ ಬೀಳುತ್ತಿತ್ತು. ಅವನೂ ನೋಡಿರಲಿಲ್ಲವೆಂಬುದು ಅವಳಿಗೆ ಅವನು ನಿಂತ ರೀತಿಯಿಂದಲೇ ತಿಳಿಯಿತು. ಇಷ್ಟು ದಿನ ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಮಲಗಿ, ಅವನಾದರೂ ನೋಡಿದ್ದಾನೆ ಎಂದು ಅವಳು ಅಂದುಕೊಂಡಿದ್ದಳು. ಅವನು ಬಂದು ಅವಳ ಪಕ್ಕದಲ್ಲಿ, ಒದ್ದೆ ಮೈಯಲ್ಲೇ, ಮೆಟ್ಟಿಲ ಮೇಲೆ ಕುಳಿತ.  

"ಅಬ್ಬಾ," ಎಂದ, "ಕಿವಿ ಹೆಂಗಿದ್ದುವು?"

ಯೂಸುಫಸಾಬ ಅವರಿಬ್ಬರಿಗೂ ಕೇಳಿಸುವಂತೆ ಸ್ವಲ್ಪ ಮುಂದೆ ಸರಿದು ಕುಳಿತು, ಕಿವಿಗಳ ಬಗ್ಗೆ ಹೇಳತೊಡಗಿದ.